ದಾರ ಕಟ್ಟಿದ ಟಾರ್ಚು ನೆಟ್ಟಗೆ ನಿಲ್ಲಬೇಕು: ಒಂದು ಪ್ರಕರಣ

ಮಳೆಗಾಲದ ಮಲೆನಾಡಿನ ಮನೆಯಲ್ಲಿ ಸಣ್ಣ ಟಾರ್ಚಿಗೆ ಎರಡು ಕೆಲಸ. ಸಂಜೆ ಕೊಟ್ಟಿಗೆಗೆ ಹೊರಟಾಗ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕೊಡೆ. ಟಾರ್ಚು ಮಣಿಕಟ್ಟಿಗೆ ದಾರದಲ್ಲಿ ನೇತಾಡುತ್ತಿರಬೇಕು. ಒಳಗೆ ಬಂದರೆ ಕರೆಂಟಿಲ್ಲ. ಆಗ ಅದೇ ಟಾರ್ಚನ್ನು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಮುಖ ಮೇಲೆ ಮಾಡಿ ನಿಲ್ಲಿಸಿದರೆ ಬೆಳಕು ಬಿಳಿ ಚಾವಣಿಗೆ ಬಡಿದು ಕೋಣೆಯಿಡೀ ಹರಡುತ್ತದೆ, ಎರಡೂ ಕೈ ಒಲೆಯ ಕೆಲಸಕ್ಕೆ ಸಿಗುತ್ತವೆ. ಮೊದಲ ಕೆಲಸಕ್ಕೆ ದಾರ ಬೇಕೇ ಬೇಕು. ಎರಡನೆಯ ಕೆಲಸಕ್ಕೆ ಆ ದಾರವೇ ಅಡ್ಡಿ.

ಹೆಚ್ಚಿನವರು ದಾರ ಕಿತ್ತು ಬಿಸಾಡುತ್ತಾರೆ, ಇಲ್ಲವೇ ಟಾರ್ಚನ್ನು ಡಬ್ಬಿಗೆ ಒರಗಿಸಿ ಸುಧಾರಿಸಿಕೊಳ್ಳುತ್ತಾರೆ. ಎರಡೂ ಬೇಕಿಲ್ಲ. ಇಲ್ಲಿರುವುದು ಒಂದು ಮಿಲಿಮೀಟರಿನ ವಿಚಾರ. ದಾರ ಇದೆಯೋ ಇಲ್ಲವೋ ಎಂಬುದಕ್ಕಿಂತ ದಾರ ತಳದ ಯಾವ ಕಡೆಯಿಂದ ಹಾದುಹೋಗುತ್ತದೆ ಎಂಬುದೇ ಮುಖ್ಯ.

ಟಾರ್ಚು ಮತ್ತು ದೂರು

ಪ್ರಕರಣದ ಟಾರ್ಚು ತೀರಾ ಸಾಮಾನ್ಯ ಬಗೆಯದು. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಒಂದೇ ಒಂದು, ಅಲ್ಯುಮಿನಿಯಂ ಮೈ, ಎತ್ತರ 95 ಮಿ.ಮೀ., ತಳದ ಅಗಲ 18 ಮಿ.ಮೀ., ರೀಚಾರ್ಜ್ ಸೆಲ್ ಸೇರಿ ಸುಮಾರು 52 ಗ್ರಾಂ. ಸ್ವಿಚ್ಚು ತಳದಲ್ಲಿದೆ, ಅದಕ್ಕೆ ರಬ್ಬರಿನ ಟೋಪಿ. ಆ ಟೋಪಿ ತಳದ ಅಂಚಿಗಿಂತ ಸುಮಾರು 1 ಮಿ.ಮೀ. ಒಳಗೆ ಕೂತಿದೆ. ಅಂಚು ಪೂರ್ತಿ ಬಳೆಯಂತಿಲ್ಲ; ಹೆಬ್ಬೆರಳು ಸ್ವಿಚ್ಚಿಗೆ ತಲುಪಲೆಂದು ಎದುರುಬದುರಾಗಿ ಎರಡು ಕಚ್ಚುಗಳನ್ನು ಕೊರೆದಿದ್ದಾರೆ, ಒಂದೊಂದೂ 10 ಮಿ.ಮೀ. ಅಗಲ, 3 ಮಿ.ಮೀ. ಆಳ. ಉಳಿದ ಎರಡು ಭಾಗಗಳು ಕಿವಿಗಳ ಹಾಗೆ ಚಾಚಿಕೊಂಡಿವೆ. ಟಾರ್ಚು ನಿಲ್ಲುವುದು ಈ ಎರಡು ಕಿವಿಗಳ ಮೇಲೆ. ಒಂದು ಕಿವಿಯಲ್ಲಿ ದಾರಕ್ಕೆಂದು 2.5 ಮಿ.ಮೀ. ತೂತು, ತೂತಿನ ಕೆಳಗೆ ಉಳಿದ ಲೋಹ ಬರೀ 1 ಮಿ.ಮೀ.

ದೂರು ಎರಡು. ದಾರವಿಲ್ಲದಾಗ ಕಂಬದಂತೆ ನಿಲ್ಲುವ ಟಾರ್ಚು ದಾರ ಕಟ್ಟಿದ ಮೇಲೆ ಒಂದು ಕಡೆ ವಾಲುತ್ತದೆ, ಆಚೀಚೆ ಓಲಾಡುತ್ತದೆ, ಪಕ್ಕದಲ್ಲಿ ಪಾತ್ರೆ ಇಟ್ಟರೂ ಸಾಕು, ಉರುಳುತ್ತದೆ. ಎರಡನೆಯದು, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಬೆಳಕು ತಾನಾಗಿ ಮಂದವಾಗುತ್ತದೆ ಅಥವಾ ಆರುತ್ತದೆ. ಸೆಲ್ ಮುಗಿಯಿತೆಂದು ಹೊಸದು ಹಾಕಿದರೂ ಅದೇ ಕಥೆ. ಎರಡಕ್ಕೂ ಕಾರಣ ದಾರವೇ, ಆದರೆ ಅದು ಅಡ್ಡಿ ಮಾಡುವ ರೀತಿ ಬೇರೆ ಬೇರೆ, ಆದ್ದರಿಂದ ಬೇರೆಬೇರೆಯಾಗಿಯೇ ನೋಡಬೇಕು.

ತಳದಲ್ಲಿ ಏನಾಗುತ್ತಿದೆ

ಟಾರ್ಚಿನ ಜೊತೆ ಬಂದ ದಾರದ ತುದಿಯಲ್ಲಿ 1.2 ಮಿ.ಮೀ. ದಪ್ಪದ ತೆಳು ಕುಣಿಕೆ ಇರುತ್ತದೆ. ಎಲ್ಲರೂ ಕಟ್ಟುವುದು ಒಂದೇ ರೀತಿ: ಕುಣಿಕೆಯನ್ನು ತೂತಿನಿಂದ ಒಳಗೆ ತೂರಿಸಿ, ಅಂಚಿನ ಅಡಿಯಿಂದ ಹೊರಗೆ ತಂದು, ಉಳಿದ ದಾರವನ್ನೆಲ್ಲ ಆ ಕುಣಿಕೆಯೊಳಗೆ ಎಳೆದು ಬಿಗಿಯುವುದು. ಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಆದರೆ ದಾರದ ಎರಡು ಎಳೆ ಈಗ ಕಿವಿಯ ಅಡಿಯಲ್ಲಿ, ಲೋಹಕ್ಕೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿವೆ.

18 ಮಿ.ಮೀ. ಅಗಲದ ತಳದ ಒಂದು ಅಂಚು 1.2 ಮಿ.ಮೀ. ಮೇಲೆದ್ದರೆ ಟಾರ್ಚು 3.8 ಡಿಗ್ರಿ ವಾಲುತ್ತದೆ. ಬೆಳಕಿನ ದೃಷ್ಟಿಯಿಂದ ಇದು ಲೆಕ್ಕಕ್ಕೇ ಇಲ್ಲ. ಕಟ್ಟೆಯಿಂದ 2 ಮೀಟರ್ ಎತ್ತರದ ಚಾವಣಿಯಲ್ಲಿ ಬೆಳಕಿನ ವೃತ್ತ ಒಂದು ಗೇಣಿಗಿಂತ ಕಡಿಮೆ ಸರಿಯುತ್ತದೆ, ಅಷ್ಟೇ. ತೊಂದರೆ ಇರುವುದು ಆಧಾರದಲ್ಲಿ. ನೆಟ್ಟಗಿದ್ದಾಗ ಎರಡೂ ಕಿವಿಗಳ ಪೂರ್ತಿ ಅಂಚು ಕಲ್ಲಿಗೆ ತಾಗಿರುತ್ತದೆ. ವಾಲಿದ ಕೂಡಲೇ, ದುಂಡಗಿನ ಅಂಚಾದ್ದರಿಂದ, ಎದುರು ಕಿವಿಯ ಒಂದೇ ಒಂದು ಬಿಂದು ಕಲ್ಲಿಗೆ ತಾಗುತ್ತದೆ. ಈ ಕಡೆ ದಾರ, ಆ ಕಡೆ ಒಂದು ಬಿಂದು. ಎರಡೇ ಕಾಲಿನ ಮೇಲೆ ನಿಂತಂತೆ. ಓಲಾಟ ಹುಟ್ಟುವುದು ಇಲ್ಲಿಂದಲೇ, ಮತ್ತು ಓಲಾಡುತ್ತಾ ದಾರ ತುಸು ಹೊರಳಿತೆಂದರೆ ಟಾರ್ಚೂ ಅದರ ಜೊತೆ ತಿರುಗುತ್ತದೆ.

ಎಷ್ಟು ದಪ್ಪದವರೆಗೆ ತಡೆಯುತ್ತದೆ? ಇದಕ್ಕೆ ಒಂದು ಸರಳ ಲೆಕ್ಕವಿದೆ. ತಳದ ಅಗಲವನ್ನು ಅದರಿಂದಲೇ ಗುಣಿಸಿ, ತಳದಿಂದ ತೂಕದ ನಡುವಿನವರೆಗಿನ ಎತ್ತರದ ಎರಡರಷ್ಟರಿಂದ ಭಾಗಿಸಿ. ತೂಕದ ನಡು ಎಲ್ಲಿದೆ ಎಂದು ತಿಳಿಯಲು ಟಾರ್ಚನ್ನು ಸೆಲ್ ಸಮೇತ ಪೆನ್ಸಿಲಿನ ಮೇಲೆ ಅಡ್ಡ ಇಟ್ಟು, ತಕ್ಕಡಿಯಂತೆ ಸಮ ತೂಗುವ ಜಾಗ ಗುರುತು ಮಾಡಿದರೆ ಸಾಕು. ಈ ಟಾರ್ಚಿನಲ್ಲಿ ಅದು ತಳದಿಂದ 48 ಮಿ.ಮೀ. ಮೇಲಿದೆ. 18ನ್ನು 18ರಿಂದ ಗುಣಿಸಿದರೆ 324, ಅದನ್ನು 96ರಿಂದ ಭಾಗಿಸಿದರೆ ಸುಮಾರು 3.4 ಮಿ.ಮೀ. ಒಂದು ಕಿವಿಯ ಅಡಿಯಲ್ಲಿ ಇದಕ್ಕಿಂತ ದಪ್ಪದ್ದು ಏನೇ ಬಂದರೂ ಟಾರ್ಚು ನಿಲ್ಲುವುದೇ ಇಲ್ಲ. ಒಂದು ರೂಪಾಯಿ ನಾಣ್ಯ ಸುಮಾರು ಒಂದೂವರೆ ಮಿ.ಮೀ. ದಪ್ಪ, ದಾರ ಬಿಚ್ಚಿದ ಟಾರ್ಚಿನ ಒಂದು ಕಿವಿಯ ತುದಿಗೆ ಒಂದು ನಾಣ್ಯ ಕೊಟ್ಟು ನೋಡಿ, ಓಲಾಡುತ್ತಾ ನಿಲ್ಲುತ್ತದೆ. ಎರಡು ಕೊಟ್ಟರೆ ಉಸಿರು ಬಿಗಿಹಿಡಿದು ನಿಲ್ಲಿಸಬೇಕು. ಮೂರಕ್ಕೆ ಬೀಳುತ್ತದೆ.

ಈಗ ದಾರದ ಕಡೆ ನೋಡೋಣ. ಎರಡು ಎಳೆ ಪಕ್ಕಪಕ್ಕ ಮಲಗಿದ್ದರೆ ದಪ್ಪ 1.2 ಮಿ.ಮೀ.; ಒಂದರ ಮೇಲೊಂದು ಹತ್ತಿದರೆ 2.4 ಮಿ.ಮೀ., ವಾಲು 7.6 ಡಿಗ್ರಿ. ಟಾರ್ಚು ತಡೆಯುವ ಒಟ್ಟು ವಾಲು 10.6 ಡಿಗ್ರಿ, ಆದ್ದರಿಂದ ಇನ್ನು ಉಳಿದದ್ದು ಬರೀ 3 ಡಿಗ್ರಿ. ಒಂದು ದಿನ ನಿಂತ ಟಾರ್ಚು ಮರುದಿನ ಬೀಳುವುದು ಇದಕ್ಕೇ; ಎಳೆಗಳು ಪ್ರತಿ ಸಲವೂ ಬೇರೆ ರೀತಿ ಮಲಗುತ್ತವೆ. ಗಂಟು ತಳದ ಹತ್ತಿರವೇ ಇದ್ದು ಕಿವಿಯ ಅಡಿಗೆ ಜಾರಿದರೆ ಮಾತೇ ಬೇಡ, ಅದರ ದಪ್ಪ 4 ಮಿ.ಮೀ. ದಾಟಿರುತ್ತದೆ.

ತಾನಾಗಿ ಆರುವ ಬೆಳಕು

ತೂತಿನಿಂದ ಒಳಬಂದ ದಾರ ಸ್ವಿಚ್ಚಿನ ಸುತ್ತಲಿನ ಕುಳಿಯಲ್ಲಿ ರಬ್ಬರ್ ಟೋಪಿಯ ಪಕ್ಕದಲ್ಲೇ ಕೂರುತ್ತದೆ. ದಾರ ಸಡಿಲವಿದ್ದರೆ ಅದರ ಒಂದು ಮಡಿಕೆ ಟೋಪಿಯ ಮೇಲೆ ಹತ್ತುತ್ತದೆ. ಟಾರ್ಚನ್ನು ಕಲ್ಲಿನ ಮೇಲೆ ಇಟ್ಟಾಗ ಆ ಮಡಿಕೆ ಬೆರಳಿನಂತೆ ಸ್ವಿಚ್ಚನ್ನು ಒತ್ತುತ್ತದೆ. ಈ ಬಗೆಯ ಸ್ವಿಚ್ಚು ಉರಿಯುತ್ತಿರುವಾಗ ಅರ್ಧ ಒತ್ತಿದರೆ ಕರೆಂಟು ಕ್ಷಣಕಾಲ ಕಡಿಯುತ್ತದೆ, ಬಿಟ್ಟ ಕೂಡಲೇ ಮುಂದಿನ ಹಂತದ ಬೆಳಕಿಗೆ ಹೋಗುತ್ತದೆ. ನಿಂತ ಟಾರ್ಚು ಓಲಾಡಿದಾಗ ಇದೇ ಅರ್ಧ ಒತ್ತು ಬಿದ್ದು ಬೆಳಕು ಹೆಚ್ಚಿನಿಂದ ಕಡಿಮೆಗೆ ಇಳಿಯುತ್ತದೆ. ಒತ್ತು ಹಾಗೇ ಉಳಿದರೆ ಆರಿಯೇ ಬಿಡುತ್ತದೆ, ಕೈಗೆತ್ತಿಕೊಂಡರೆ ಮತ್ತೆ ಹತ್ತುತ್ತದೆ. ಎತ್ತಿದಾಗ ಹತ್ತಿ ಇಟ್ಟಾಗ ಆರುವ ಟಾರ್ಚು ಕಂಡರೆ ಸೆಲ್ಲನ್ನು ಬೈಯುವ ಮೊದಲು ತಳ ತಿರುಗಿಸಿ ನೋಡಿ.

ದಾರ ತೆಗೆದ ಮೇಲೂ ಹೀಗೇ ಆಗುತ್ತಿದ್ದರೆ ಟೋಪಿಯೇ ಉಬ್ಬಿದೆ. ಉಕ್ಕಿನ ಸ್ಕೇಲಿನ ಅಂಚನ್ನು ಎರಡು ಕಿವಿಗಳ ಮೇಲೆ ಅಡ್ಡಲಾಗಿಟ್ಟು ಬೆಳಕಿಗೆ ಹಿಡಿಯಿರಿ. ಸ್ಕೇಲಿಗೂ ರಬ್ಬರಿಗೂ ನಡುವೆ ಸಂದು ಕಾಣಬೇಕು. ಕಾಣದಿದ್ದರೆ ಟೋಪಿ ಬದಲಿಸುವುದೊಂದೇ ದಾರಿ. ದಾರದ ವಿಷಯದಲ್ಲಿ ಏನು ಮಾಡಿದರೂ ಆ ಟಾರ್ಚು ನಿಲ್ಲದು.

ಮೊದಲು ಮಾಡುವ, ಕೈಕೊಡುವ ಉಪಾಯಗಳು

ಎದುರು ಕಿವಿಯ ಅಡಿಗೂ ಅಷ್ಟೇ ದಪ್ಪದ ಏನನ್ನಾದರೂ ಅಂಟಿಸಿ ಸಮ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಯೋಚನೆ ತಪ್ಪಲ್ಲ. 1 ಮಿ.ಮೀ. ಫೋಮ್ ಟೇಪಿನ ತುಂಡು ಅಂಟಿಸಿದರೆ ಎರಡು ದಿನ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಕಿವಿಯ ಅಂಚಿನ ದಪ್ಪ 2 ಮಿ.ಮೀ. ಮಾತ್ರ, ಅಂಟಿಗೆ ಅಷ್ಟು ಕಡಿಮೆ ಜಾಗ ಸಾಲದು. ಅಡುಗೆಮನೆಯ ಎಣ್ಣೆ ಜಿಡ್ಡು, ಕೊಟ್ಟಿಗೆಯ ಒದ್ದೆ ಎರಡೂ ಸೇರಿ ಟೇಪು ಪಕ್ಕಕ್ಕೆ ಜಾರುತ್ತದೆ, ಆಮೇಲೆ ಅದರ ಅಂಟು ಜೇಬಿನ ಬಟ್ಟೆಗೂ ಮೆತ್ತಿಕೊಳ್ಳುತ್ತದೆ.

ತೂತಿಗೆ ಕೀ ಬಂಚಿನ ಸ್ಟೀಲ್ ರಿಂಗ್ ಹಾಕಿ ಅದಕ್ಕೆ ದಾರ ಕಟ್ಟುವುದು ಇನ್ನೂ ಕೆಟ್ಟದ್ದು. ದಾರವಾದರೆ ಬಾಗುತ್ತದೆ, ಎತ್ತಲೋ ಮಲಗುತ್ತದೆ, ಉಕ್ಕು ಬಾಗದು. ರಿಂಗಿನ ತಂತಿ ಎರಡು ಸುತ್ತು ಇರುವುದರಿಂದ ಅದರ ದಪ್ಪವೇ 3 ಮಿ.ಮೀ. ಹತ್ತಿರ ಹೋಗುತ್ತದೆ, ಟಾರ್ಚು ಅದರ ಮೇಲೆ ಏರಿ ಕೂರುತ್ತದೆ. ಉಕ್ಕು ಅಲ್ಯುಮಿನಿಯಮ್ಮಿಗಿಂತ ಗಟ್ಟಿ. ನೇತಾಡಿ ನೇತಾಡಿ ತೂತಿನ ಕೆಳಗಿನ ಆ 1 ಮಿ.ಮೀ. ಲೋಹವನ್ನು ಸವೆಸುತ್ತದೆ. ರಿಂಗ್ ಬೇಕೇ ಎಂದಿದ್ದರೆ ತೂತಿಗೆ ತೆಳು ದಾರ ಕಟ್ಟಿ, ಅದರ ಕೊನೆಗೆ, ತಳದಿಂದ ಎರಡು ಮೂರು ಸೆಂ.ಮೀ. ದೂರದಲ್ಲಿ ಹಾಕಬೇಕು.

ಕ್ಲಿಪ್ಪಿಗೆ ದಾರ ಕಟ್ಟುವುದೂ ಉಂಟು. ಟಾರ್ಚಿನ ಮೈಯ ಕ್ಲಿಪ್ಪಿನ ಬುಡದಲ್ಲಿ ಕುಣಿಕೆ ಹಾಕಿದರೆ ತಳ ಪೂರ್ತಿ ಖಾಲಿ ಉಳಿಯುತ್ತದೆ, ಟಾರ್ಚು ಲಕ್ಷಣವಾಗಿ ನಿಲ್ಲುತ್ತದೆ. ಕ್ಲಿಪ್ಪನ್ನು ಸ್ಕ್ರೂ ಹಾಕಿ ಕೂರಿಸಿದ್ದರೆ ಇದಕ್ಕಿಂತ ಸುಲಭದ ಉತ್ತರ ಇಲ್ಲ, ಮುಂದೆ ಓದುವ ಅಗತ್ಯವೂ ಇಲ್ಲ. ಈ ಬಗೆಯ ಹೆಚ್ಚಿನ ಟಾರ್ಚುಗಳಲ್ಲಿ ಕ್ಲಿಪ್ಪು ಬರೀ ಮೈಯನ್ನು ಕಚ್ಚಿ ಕೂತಿರುತ್ತದೆ. ಪಕ್ಕಕ್ಕೆ ಒಂದು ಎಳೆತ ಬಿದ್ದರೆ ಕಳಚುತ್ತದೆ. ಬಾವಿಕಟ್ಟೆಯ ಹತ್ತಿರ, ಹೊಳೆ ದಾಟುವಾಗ ಅಂಥ ಕ್ಲಿಪ್ಪನ್ನು ನಂಬಬಾರದು.

ದಾರದ ಹಾದಿ ಬದಲಿಸುವುದು

ಗುಣ ಕಂಡದ್ದು ಕಚ್ಚಿನ ದಾರಿಯಿಂದ. ಹೆಬ್ಬೆರಳಿಗೆಂದು ಕೊರೆದ ಆ 3 ಮಿ.ಮೀ. ಆಳದ ಕಚ್ಚು ಕಲ್ಲಿಗೆ ತಾಗುವುದೇ ಇಲ್ಲ. ದಾರ ಕಿವಿಯ ಅಡಿಯಿಂದ ಹೊರಬರುವ ಬದಲು ಆ ಕಚ್ಚಿನಿಂದ ಹೊರಬಂದರೆ ಕಿವಿಯ ಅಡಿ ಖಾಲಿ ಉಳಿಯುತ್ತದೆ. ಅಂದರೆ ಕಿವಿಯನ್ನು ಮೇಲೆ ಕೆಳಗೆ ಸುತ್ತಬಾರದು, ಒಳಗೆ ಹೊರಗೆ, ಪಕ್ಕದಿಂದ ಸುತ್ತಬೇಕು.

ಬೇಕಾದದ್ದು 1 ಮಿ.ಮೀ. ದಪ್ಪದ ಹೆಣೆದ ನೈಲಾನ್ ದಾರ, 60 ಸೆಂ.ಮೀ. ಜಾತ್ರೆಯಲ್ಲಿ, ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ತೆಳು ಕಪ್ಪು ಉಡಿದಾರವೂ ನಡೆದೀತು, ಆದರೆ ನೈಲಾನಿನದೇ ಆಗಿರಲಿ. ಹತ್ತಿಯದು ಒದ್ದೆಯಾದರೆ ಉಬ್ಬುತ್ತದೆ, ಮಳೆಗಾಲದಲ್ಲಿ ಒಣಗುವುದಿಲ್ಲ, ಬೇಗ ಜೀರ್ಣವಾಗುತ್ತದೆ. ಗಾಳ ಹಾಕುವ ಒಂಟಿ ಎಳೆಯ ನೈಲಾನ್ ಬೇಡ. ಅದು ತೆಳ್ಳಗಿದ್ದರೂ ಬಿರುಸು, ಮಡಿಸಿದ ಜಾಗದಲ್ಲಿ ಸ್ಪ್ರಿಂಗಿನಂತೆ ನಿಂತು ಟಾರ್ಚನ್ನು ದೂಡುತ್ತದೆ, ಗಂಟು ಕೂಡ ಜಾರುತ್ತದೆ. ದಾರ ತೂರಿಸಲು ಒಂದು ತುಂಡು ತೆಳು ತಾಮ್ರದ ತಂತಿ, ತೂತು ನಯ ಮಾಡಲು ಜೀರೋ ಪೇಪರ್ (ನಯವಾದ ಮರಳು ಕಾಗದ), ತುದಿ ಕರಗಿಸಲು ಮೇಣದಬತ್ತಿ. ಇಷ್ಟೇ ಸಾಮಾನು.

ಮೊದಲು ಸೆಲ್ ತೆಗೆದಿಡಿ. ಜೀರೋ ಪೇಪರನ್ನು ಬತ್ತಿಯಂತೆ ಹೊಸೆದು ತೂತಿನೊಳಗೆ ತೂರಿಸಿ ಹತ್ತಿಪ್ಪತ್ತು ಸಲ ಆಡಿಸಿ, ಒಳ ಅಂಚು ಹೊರ ಅಂಚು ಎರಡನ್ನೂ. ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ, ಆದರೆ ದಾರದ ಆಯುಷ್ಯ ನಿರ್ಧಾರವಾಗುವುದು ಇಲ್ಲೇ. 52 ಗ್ರಾಂ ತೂಕಕ್ಕೆ ಯಾವ ನೈಲಾನೂ ಹರಿಯದು. ತೂತಿನ ಹರಿತ ಅಂಚು ದಿನವೂ ಒಂದೊಂದು ನೂಲನ್ನು ಕತ್ತರಿಸಿ ಕೊನೆಗೊಂದು ದಿನ ಟಾರ್ಚನ್ನು ಬೀಳಿಸುತ್ತದೆ. ಕಪ್ಪು ಲೇಪನ ಹೋಗಿ ಬೆಳ್ಳಗಿನ ಲೋಹ ಕಂಡರೆ ಹೆದರಬೇಕಿಲ್ಲ. ಆದರೆ ಉದುರಿದ ಪುಡಿ ಕರೆಂಟು ಹರಿಸುವ ಲೋಹದ್ದು, ಅದನ್ನು ಬ್ರಷ್ಷಿನಿಂದ ಪೂರ್ತಿ ಕೊಡವಿದ ಮೇಲೆಯೇ ಸೆಲ್ ಹಾಕಬೇಕು.

ದಾರವನ್ನು ಸರಿ ಅರ್ಧಕ್ಕೆ ಮಡಿಸಿ. ಮಡಿಕೆಯನ್ನು ತಾಮ್ರದ ತಂತಿಗೆ ಸಿಕ್ಕಿಸಿ, ಹೊರಗಿನಿಂದ ತೂತಿನೊಳಗೆ ತೂರಿಸಿ ಸ್ವಿಚ್ಚಿನ ಕುಳಿಗೆ ತನ್ನಿ. ಇಲ್ಲಿ ಕೈ ತಾನಾಗಿ ಮಡಿಕೆಯನ್ನು ಕಿವಿಯ ಅಡಿಯಿಂದ ಹೊರಗೆಳೆಯಲು ಹೋಗುತ್ತದೆ, ತಡೆಯಿರಿ. ಕುಳಿಯ ಗೋಡೆಗೆ ಒತ್ತಿಕೊಂಡಂತೆ ಪಕ್ಕಕ್ಕೆ ಸಾಗಿಸಿ ಹತ್ತಿರದ ಕಚ್ಚಿನಿಂದ ಹೊರಗೆ ತನ್ನಿ. ತೂತಿನಿಂದ ಕಚ್ಚಿಗೆ ದೂರ ಸುಮಾರು 9 ಮಿ.ಮೀ. ಹೊರಬಂದ ಮಡಿಕೆಯೊಳಗೆ ದಾರದ ಎರಡೂ ತುದಿಗಳನ್ನು ತೂರಿಸಿ, ತುದಿಗಳನ್ನು ಟಾರ್ಚಿನ ತಲೆಯ ಕಡೆಗೆ, ಅಂದರೆ ಮೇಲಕ್ಕೆ, ಎಳೆದು ಬಿಗಿಯಿರಿ. ಕೆಳಕ್ಕೆ ಎಳೆದು ಬಿಗಿದರೆ ಎಳೆಗಳು ಕಿವಿಯ ಬದಿಯಿಂದ ಜಾರಿ ಅಡಿಗೆ ಬರುತ್ತವೆ, ಮಾಡಿದ್ದೆಲ್ಲ ವ್ಯರ್ಥ.

ಬಿಗಿದ ಮೇಲೆ ತಳ ತಿರುಗಿಸಿ ಬೆಳಕಿನಲ್ಲಿ ನೋಡಬೇಕು. ಎರಡು ಎಳೆ ಕುಳಿಯ ಒಳಗೋಡೆಗೆ ಒಂದರ ಮೇಲೊಂದು ಅಂಟಿ ನಿಂತಿರಬೇಕು, ರೈಲು ಹಳಿಯ ಹಾಗೆ ಪಕ್ಕಪಕ್ಕ ಮಲಗಿ ರಬ್ಬರ್ ಟೋಪಿಯ ಕಡೆ ಚಾಚಿರಬಾರದು. ಹೊರಗೆ, ಕುಣಿಕೆ ಕಚ್ಚಿದ ಜಾಗ ಕಿವಿಯ ಹೊರಮೈಯಲ್ಲಿ, ಅಂಚಿಗಿಂತ ಮೇಲೆ ಕೂತಿರಬೇಕು. ಟಾರ್ಚನ್ನು ಗಾಜಿನ ಮೇಲೋ ಕನ್ನಡಿಯ ಮೇಲೋ ನಿಲ್ಲಿಸಿ ಎರಡು ಕಿವಿಗಳ ಅಡಿಯಲ್ಲೂ ಪೇಪರ್ ತೂರಿಸಲು ನೋಡಿ. ಎಲ್ಲಿಯೂ ಹೋಗಬಾರದು. ಒಂದು ಕಡೆ ಹೋದರೆ ಒಂದು ನೂಲಾದರೂ ಅಡಿಗೆ ಬಂದಿದೆ ಎಂದರ್ಥ. ಗುಂಡುಸೂಜಿಯಿಂದ ಮೇಲಕ್ಕೆ ಸರಿಸಿ ಮತ್ತೆ ಬಿಗಿಯಿರಿ.

ಮಡಿಸದೆ ಒಂಟಿ ಎಳೆಯನ್ನೇ ತೂತಿನಿಂದ ಕಚ್ಚಿಗೆ ತಂದು ಎರಡು ತುದಿ ಸೇರಿಸಿ ಗಂಟು ಹಾಕಿದರೆ ಆಗದೇ? ದಪ್ಪ ಅರ್ಧಕ್ಕಿಳಿಯುತ್ತದೆ ನಿಜ. ಆದರೆ ಅದು ಬಿಗಿಯದ ಬಳೆ. ಟಾರ್ಚು ಕೆಳಗಿಡುವಾಗ ಸಡಿಲವಾಗಿ ಇಳಿದು ಅಡಿಗೇ ಸೇರುತ್ತದೆ. ಕಿವಿಯನ್ನು ಕಚ್ಚಿ ಹಿಡಿಯುವ ಕುಣಿಕೆಯೇ ಬೇಕು.

ಇನ್ನು ಗಂಟು. ಮೊದಲ ಗಂಟು ತಳದಿಂದ ಕನಿಷ್ಠ 3 ಸೆಂ.ಮೀ. ಆಚೆ ಇರಲಿ, ಅಡ್ಡಾದಿಡ್ಡಿ ಬಿದ್ದರೂ ಅದು ಕಿವಿಯ ಅಡಿಗೆ ತಲುಪಬಾರದು. ಅಲ್ಲಿಂದ ಮುಂದೆ ಕೈ ತೂರುವ ಬಳೆಗೆ 26ರಿಂದ 28 ಸೆಂ.ಮೀ. ಸುತ್ತಳತೆ ಬಿಟ್ಟು ಕೊನೆಯ ಗಂಟು ಹಾಕಿ, ಉಳಿದದ್ದು ಕತ್ತರಿಸಿ, ತುದಿಗಳನ್ನು ಜ್ವಾಲೆಯ ಪಕ್ಕಕ್ಕೆ ಹಿಡಿದು ಕರಗಿಸಿ. ಜ್ವಾಲೆಗೆ ನೇರ ಹಿಡಿದರೆ ಕಪ್ಪು ಮುದ್ದೆಯಾಗಿ ಬಿರುಸಾಗುತ್ತದೆ, ಕೈಗೆ ಚುಚ್ಚುತ್ತದೆ. ಹಳೆಯ ದಾರದಲ್ಲಿದ್ದ ಬಿಗಿಮಾಡುವ ಪ್ಲಾಸ್ಟಿಕ್ ಗುಂಡಿಯನ್ನು ಇದಕ್ಕೆ ಹಾಕಬಹುದು, ಆದರೆ ಅದೂ ಆ 3 ಸೆಂ.ಮೀ. ಗಂಟಿನ ಆಚೆಗೇ ಇರಬೇಕು.

ಹೊಸ ನೈಲಾನ್ ದಾರ ಉಂಡೆಯಿಂದ ಬಂದ ಸುರುಳಿಯನ್ನು ಬಿಡುವುದಿಲ್ಲ, ಆ ಸುರುಳಿಯೇ ಟಾರ್ಚನ್ನು ಮೆಲ್ಲಗೆ ದೂಡುತ್ತಿರುತ್ತದೆ. ಕಟ್ಟುವ ಮೊದಲು ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ, ತುದಿಗೆ ಭಾರ ಕಟ್ಟಿ ನೇತುಹಾಕಿ ಒಣಗಿಸಿದರೆ ಸಾಕಷ್ಟು ಮೆತ್ತಗಾಗುತ್ತದೆ.

ನಿಲ್ಲಿಸುವಾಗ ದಾರವನ್ನು ಕಟ್ಟೆಯ ಅಂಚಿನಿಂದ ಕೆಳಗೆ ಇಳಿಬಿಡಬೇಡಿ. ದಾರದ ತೂಕ ತೀರಾ ಕಡಿಮೆ, ಅದರಿಂದ ಏನೂ ಆಗದು. ಆದರೆ ನೇತಾಡುವ ಬಳೆಗೆ ಸೀರೆಯ ಸೆರಗು, ಮಕ್ಕಳ ಕೈ ಸಿಕ್ಕುತ್ತದೆ. ಟಾರ್ಚಿನ ಬುಡದ ಸುತ್ತ ಒಂದು ಸುತ್ತು ಸಡಿಲವಾಗಿ ಹಾಕಿ ಇಟ್ಟರಾಯಿತು.

ಸರಿಯಾಯಿತೇ ಎಂದು ಅಳೆಯುವುದು

ಒಂದು ಹಲಗೆಯನ್ನು, ಕೆಳಗೆ ಊರಿಕೊಂಡು ತಿರುಗುವ ಅಂಚಿನಿಂದ ಎತ್ತುವ ತುದಿಗೆ ಸರಿಯಾಗಿ 30 ಸೆಂ.ಮೀ. ಇರುವಂತೆ ಇಟ್ಟುಕೊಂಡು, ನಡುವೆ ಟಾರ್ಚು ನಿಲ್ಲಿಸಿ, ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಬನ್ನಿ. ಕೆಳಗೆ ಮಡಿಸಿದ ಟವೆಲ್ ಇರಲಿ. ಲೆಕ್ಕದ ಪ್ರಕಾರ ದಾರವಿಲ್ಲದ ಈ ಟಾರ್ಚು ಕಿವಿಯ ಕಡೆಗೆ ಬೀಳಬೇಕಾದರೆ ತುದಿ 5.5 ಸೆಂ.ಮೀ. ಏಳಬೇಕು. ಕಚ್ಚಿನ ಕಡೆಗೆ ಆಧಾರ ತುಸು ಕಿರಿದು, ಆದ್ದರಿಂದ ಅತ್ತ 4.6 ಸೆಂ.ಮೀ.ಗೇ ಬೀಳುತ್ತದೆ. ಹಳೆಯ ರೀತಿ ದಾರ ಕಟ್ಟಿ ವಾಲಿದ ಕಡೆಗೆ ಇಳಿಜಾರು ಕೊಟ್ಟರೆ 3.5 ಸೆಂ.ಮೀ. ಸಾಕು, ಎಳೆ ಒಂದರ ಮೇಲೊಂದು ಹತ್ತಿದ್ದರೆ 1.6 ಸೆಂ.ಮೀ. ಕಚ್ಚಿನ ದಾರಿಯಲ್ಲಿ ಕಟ್ಟಿದ ಮೇಲೆ ಅಳತೆ ದಾರವಿಲ್ಲದ ಟಾರ್ಚಿನದಕ್ಕೆ ಮರಳಿ ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಎಳೆ ಅಡಿಯಲ್ಲಿದೆ.

ಕಚ್ಚು ಇಲ್ಲದ ತಳ

ತಳದ ಅಂಚು ಪೂರ್ತಿ ಬಳೆಯಂತಿದ್ದು ಅದರಲ್ಲೊಂದು ತೂತು ಮಾತ್ರ ಇರುವ ಟಾರ್ಚುಗಳೂ ಇವೆ. ಅಲ್ಲಿ ಪಕ್ಕದ ದಾರಿ ಇಲ್ಲ; ದಾರ ಅಂಚಿನ ಅಡಿಯಿಂದಲೇ ಬರಬೇಕು. ಅರದಿಂದ ತೂತಿನ ಕೆಳಗೆ ಕಾಲುವೆಯಂಥ ಗೀರು ಕೊರೆದು ದಾರವನ್ನು ಅದರಲ್ಲಿ ಮುಳುಗಿಸಬಹುದು. ದುಂಡು ಸೂಜಿ ಅರ ಬೇಕು; ಮುಮ್ಮೂಲೆ ಅರ ತಳದಲ್ಲಿ ಚೂಪು ಗೆರೆ ಬಿಡುತ್ತದೆ, ಲೋಹ ಅಲ್ಲಿಂದಲೇ ಬಿರಿಯುತ್ತದೆ. ತೂತಿನ ಕೆಳಗೆ 2 ಮಿ.ಮೀ. ಆದರೂ ಲೋಹವಿದ್ದರೆ 1 ಮಿ.ಮೀ. ಆಳಕ್ಕೆ ಕೊರೆದು 0.8 ಮಿ.ಮೀ. ದಾರ ಹಾಕಬಹುದು, ಎರಡು ಎಳೆ ಪಕ್ಕಪಕ್ಕ ಮಲಗುವಷ್ಟು, ಅಂದರೆ ಸುಮಾರು 2 ಮಿ.ಮೀ. ಅಗಲಕ್ಕೆ. ಲೋಹ ಅದಕ್ಕಿಂತ ಕಡಿಮೆಯಿದ್ದರೆ ಅರ ಮುಟ್ಟಬೇಡಿ. ನೀರು ತಡೆಯುವ ರಬ್ಬರ್ ಬಳೆ ಇನ್ನೂ ಮೇಲೆ, ತಳ ಬಿಚ್ಚುವ ತಿರುಪಿನ ಬಳಿ ಇರುವುದರಿಂದ ಗೀರಿನಿಂದ ನೀರು ಒಳಹೋಗುವ ಭಯವಿಲ್ಲ.

ಕೊರೆಯಲು ಮನಸ್ಸಿಲ್ಲದಿದ್ದರೆ ತಳಕ್ಕೆ ಒಂದು ಪಾದ ಮಾಡಿಕೊಡಬಹುದು. ವೈರಿಂಗ್ ಪೈಪಿನ 20 ಮಿ.ಮೀ. ಪಿವಿಸಿ ಕಪ್ಲಿಂಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಟಾರ್ಚಿನ 18 ಮಿ.ಮೀ. ಮೈಗೆ ಇನ್ಸುಲೇಷನ್ ಟೇಪನ್ನು ಬಿಗಿಯಾಗಿ ಕೂರುವಷ್ಟು ಸುತ್ತಿ ಕಪ್ಲಿಂಗಿನೊಳಗೆ ಇಳಿಸಬೇಕು, ತಳ ಕಪ್ಲಿಂಗಿನ ಅಂಚಿಗಿಂತ 4 ಮಿ.ಮೀ. ಮೇಲೆ ನಿಲ್ಲುವ ಹಾಗೆ. ದಾರ ಹೊರಬರಲು ಕಪ್ಲಿಂಗಿನ ಅಂಚಿನಲ್ಲಿ ಹ್ಯಾಕ್ಸಾ ಬ್ಲೇಡಿನಿಂದ 3 ಮಿ.ಮೀ. ಅಗಲ, 6 ಮಿ.ಮೀ. ಆಳದ ಒಂದು ಕಚ್ಚು. ಸ್ವಿಚ್ಚು ಒಳಗೆ ಹೂತುಹೋಗುತ್ತದೆ, ಬೆರಳ ತುದಿಯಿಂದ ಒತ್ತಬೇಕು, ಅದೊಂದು ತೊಡಕು. ಆದರೆ ಕಪ್ಲಿಂಗಿನ ಹೊರ ಅಗಲ ಟಾರ್ಚಿಗಿಂತ ಹೆಚ್ಚಿರುವುದರಿಂದ ಟಾರ್ಚು ಮೊದಲಿಗಿಂತಲೂ ಭದ್ರವಾಗಿ ನಿಲ್ಲುತ್ತದೆ. ಕೆಲವು ಟಾರ್ಚುಗಳಿಗೆ ತಯಾರಕರೇ ಇಂಥ ಪಾದದ ಯೋಚನೆ ಮಾಡಿದ್ದುಂಟು: 1984ರಲ್ಲಿ ಬಂದ ಅಮೆರಿಕದ ಮಿನಿ ಮ್ಯಾಗ್‌ಲೈಟಿನ ತಲೆಯನ್ನು ಬಿಚ್ಚಿ, ಅದನ್ನೇ ಪೀಠ ಮಾಡಿ ಬಾಲವನ್ನು ಅದರೊಳಗೆ ಇಟ್ಟರೆ ಬರಿಯ ಬಲ್ಬು ಮೇಣದಬತ್ತಿಯಂತೆ ಉರಿಯುತ್ತಿತ್ತು.

ಟಾರ್ಚು ಹೆಚ್ಚಾಗಿ ಒಂದೇ ಜಾಗದಲ್ಲಿ ಇರುವುದಾದರೆ ಇಷ್ಟು ಶ್ರಮವೂ ಬೇಡ. ಸ್ಟೀಲ್ ಲೋಟದಲ್ಲಿ ಅರ್ಧ ಅಕ್ಕಿ ತುಂಬಿ ಟಾರ್ಚಿನ ಬುಡವನ್ನು ಎರಡು ಬೆರಳು ಹೂತರೆ ದಾರ ಹೇಗಿದ್ದರೂ ನೆಟ್ಟಗೆ ನಿಲ್ಲುತ್ತದೆ. ರಾಗಿ ಬೇಡ, ಕಾಳು ಸಣ್ಣದು, ಸ್ವಿಚ್ಚಿನ ಸುತ್ತ ಸೇರಿಕೊಳ್ಳುತ್ತದೆ. ಉಪ್ಪಂತೂ ಬೇಡವೇ ಬೇಡ. ಹೀಗೆ ಹೂತಾಗ ಮೈಯ ಬಿಸಿ ಹೊರಹೋಗಲು ದಾರಿ ಕಡಿಮೆ, ಆದ್ದರಿಂದ ಮಂದ ಅಥವಾ ನಡು ಹಂತದ ಬೆಳಕಿನಲ್ಲೇ ಇಡಿ.

ಹಂಚಿನ ಮನೆಯಾದರೆ

ಇಷ್ಟೆಲ್ಲ ಮಾಡಿ ನೆಟ್ಟಗೆ ನಿಲ್ಲಿಸಿದ ಟಾರ್ಚು ಹಂಚಿನ ಮನೆಯಲ್ಲಿ ನಿರಾಸೆ ಮಾಡುತ್ತದೆ. ಹೊಗೆ ಹಿಡಿದ ಹಂಚು, ಮರದ ಅಟ್ಟ ಬೆಳಕನ್ನು ನುಂಗುತ್ತವೆ, ಕೆಳಗೆ ಬರುವುದು ಅಲ್ಪ. ಅಲ್ಲಿ ಟಾರ್ಚಿನ ತಲೆಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಮೊಸರಿನ ಕಪ್ಪನ್ನು ಬೋರಲು ಹಾಕಬೇಕು. ಕಪ್ಪೇ ಲಾಟೀನಿನಂತೆ ಬೆಳಗುತ್ತದೆ. ಕಪ್ಪಿನ ತೂಕ 5 ಗ್ರಾಂ ಆದರೂ ಅದು ತುತ್ತತುದಿಯಲ್ಲಿ ಕೂರುವುದರಿಂದ ತೂಕದ ನಡು 48ರಿಂದ ಸುಮಾರು 53 ಮಿ.ಮೀ.ಗೆ ಏರುತ್ತದೆ, ತಡೆಯುವ ದಪ್ಪ 3.4ರಿಂದ 3 ಮಿ.ಮೀ.ಗೆ ಇಳಿಯುತ್ತದೆ. ದಾರವನ್ನು ಹಳೆಯ ರೀತಿಯಲ್ಲೇ ಬಿಟ್ಟು ಕಪ್ಪು ಹಾಕಿದವರ ಟಾರ್ಚು ಮೊದಲಿಗಿಂತ ಬೇಗ ಬೀಳುವುದು ಇದರಿಂದಲೇ. ಕಪ್ಪು ತಲೆಗೆ ಸಡಿಲವಾಗಿದ್ದರೆ ಒಂದು ಕಡೆ ಜಾರಿ ಇನ್ನಷ್ಟು ವಾಲಿಸುತ್ತದೆ. ಕಪ್ಪಿನ ಒಳಗೆ ಟಾರ್ಚಿನ ತಲೆ ಕೂರುವಷ್ಟು ಬಟ್ಟೆಯ ಸುತ್ತು ಕೊಟ್ಟು, ಕಪ್ಪಿನ ನಡು ಟಾರ್ಚಿನ ನಡುವಿಗೆ ಸರಿಯಾಗಿ ಬರುವಂತೆ ಕೂರಿಸಬೇಕು.

ಕಚ್ಚಿನ ದಾರಿಯಲ್ಲಿ ಕಟ್ಟಿದ ಕುಣಿಕೆ ಮೊದಲ ವಾರದಲ್ಲಿ ತುಸು ಸಡಿಲವಾಗುತ್ತದೆ, ನೈಲಾನ್ ಹಿಗ್ಗುವುದರಿಂದ. ವಾರದ ನಂತರ ಒಮ್ಮೆ ಮೇಲಕ್ಕೆ ಎಳೆದು ಬಿಗಿದರೆ ಆಮೇಲೆ ಹಾಗೇ ಉಳಿಯುತ್ತದೆ. ಸೆಲ್ ಬದಲಿಸಲು ತಳವನ್ನು ಬಿಚ್ಚಿದಾಗಲೆಲ್ಲ ತೂತಿನ ಬಳಿ ದಾರದ ನೂಲು ಕೆದರಿದೆಯೇ ನೋಡಿ, ಕೆದರಿದ್ದರೆ ದಾರ ಬದಲಿಸುವ ಮೊದಲು ತೂತಿಗೆ ಮತ್ತೊಮ್ಮೆ ಜೀರೋ ಪೇಪರ್ ಆಡಿಸಿ.